ಗಾಣದ ಸೋಮವಾರ

"ಬುದ್ಧೀ, ನಮ್ಮ ಅಚ್ಚುಕೂಟದ ಯಂತ್ರ ಕೆಟ್ಟು ನಿಂತದ್ದನ್ನು ನಾನು ನೋಡೇ ಇಲ್ಲ. ಕೆಡದ ಯಂತ್ರವನ್ನು ನೋಡಿಕೊಳ್ಳಲು ಕೊಟ್ರಪ್ಪ ಯಾಕೆ ಬೇಕು? ಅವನನ್ನು ಮನೆಗೆ ಕಳಿಸಿಬಿಡಲೇ?" ಮಠದ ಅಚ್ಚುಕೂಟದ ಉಸ್ತುವಾರಿ ಹೊತ್ತಿದ್ದ ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಕಳಿಸುವೆಯಂತೆ, ಅವಸರವೇನು? ನಾನು ಹುಟ್ಟಿದ ಓಣಿಯ ಕತೆಯೊಂದಿದೆ. ಕೇಳಿಕೊಂಡು ಹೋಗು" ಎಂದು ಹೇಳತೊಡಗಿದರು.

ನಮ್ಮ ಓಣಿಯಲ್ಲಿ ಒಬ್ಬ ಗಾಣಿಗನಿದ್ದ. ಮರದ ಗಾಣ, ಒಂದು ಎತ್ತು. ಬೆಳಿಗ್ಗೆ ಆ ಗಾಣ ಕಿರುಗುಟ್ಟುವ ಸದ್ದಿಗೇ ನಾವು ಏಳುತ್ತಿದ್ದೆವು. ಹೊಸ ಎಣ್ಣೆಯ ಘಮ ಓಣಿಯ ಕೊನೆಯವರೆಗೂ ಬರುತ್ತಿತ್ತು. ಈಗ ಆ ಸದ್ದೂ ಇಲ್ಲ, ಘಮವೂ ಇಲ್ಲ. ನೆನೆದರೆ ಸಂಕಟವಾಗುತ್ತದೆ. ಇರಲಿ.

ಸೋಮವಾರ ಎತ್ತು ಹೂಡಬಾರದೆಂಬುದು ನಮ್ಮ ಕಡೆಯ ಪದ್ಧತಿ. ಆ ದಿನ ಎತ್ತು ಮಲಗಿ ಮೆಲುಕು ಹಾಕುತ್ತಿತ್ತು. ಗಾಣಿಗ ಮಾತ್ರ ಗಾಣದ ಸುತ್ತ ತಿರುಗುತ್ತಿದ್ದ. ಮರವನ್ನು ಅಂಗೈಯಿಂದ ಸವರುತ್ತಿದ್ದ. ಸಡಿಲವಾದ ಕಡೆ ಬೆಣೆ ಹೊಡೆಯುತ್ತಿದ್ದ. ಎಷ್ಟೋ ಸೋಮವಾರ ಅವನ ಕೈಗೆ ಏನೂ ಸಿಗುತ್ತಿರಲಿಲ್ಲ. ಆಗ ಜಗಲಿಯ ಮೇಲೆ ಕೂತು ನಮ್ಮಂಥ ಮಕ್ಕಳನ್ನು ರೇಗಿಸುತ್ತಿದ್ದ.

ಗಾಣಿಗನ ಮಗ ದೊಡ್ಡವನಾದ. ಎತ್ತು ಮಾರಿ, ಕಬ್ಬಿಣದ ಗಾಣವನ್ನೂ ಎಂಜಿನನ್ನೂ ತಂದ. ಸೋಮವಾರ ಎತ್ತಿಗೆ, ಕಬ್ಬಿಣಕ್ಕೆ ಯಾತರ ಸೋಮವಾರ ಎಂದು ಏಳು ದಿನವೂ ಓಡಿಸಿದ. ಚೆನ್ನಾಗಿಯೇ ಓಡಿತು. ಶೇಂಗಾ ಸುಗ್ಗಿ ಬಂತು. ಹತ್ತು ಹಳ್ಳಿಯ ಚೀಲಗಳು ಬಾಗಿಲಲ್ಲಿ ಬಿದ್ದಿದ್ದಾಗ ಬೇರಿಂಗು ಸುಟ್ಟು ಶಾಫ್ಟು ಮುರಿಯಿತು. ರೈತರು ಒಂದು ವಾರ ಕಾದರು. ಆಮೇಲೆ ಚೀಲಗಳನ್ನು ಗಾಡಿಗೆ ಹೇರಿಕೊಂಡು ಬೇರೆ ಊರಿಗೆ ಹೋದರು.

ಮಗ ಹೆದರಿಬಿಟ್ಟ. ಅಲ್ಲಿಂದ ದಿನಾ ಸಂಜೆ ಇಡೀ ಯಂತ್ರವನ್ನೇ ಬಿಚ್ಚತೊಡಗಿದ. ಸರಿಯಿದ್ದದ್ದನ್ನೂ ಕಿತ್ತು ಹೊಸದು ಹಾಕಿದ. ಬಿಚ್ಚಿ ಬಿಗಿದು ಬೋಲ್ಟುಗಳೆಲ್ಲ ಹಿಡಿತ ತಪ್ಪಿದವು. ವರ್ಷದಲ್ಲಿ ಒಮ್ಮೆ ಕೆಟ್ಟಿದ್ದ ಯಂತ್ರ ವಾರಕ್ಕೆರಡು ಸಲ ಕೆಡತೊಡಗಿತು. ಉಳಿದ ಗಿರಾಕಿಗಳೂ ಕಾಲು ಕಿತ್ತರು. ಗಾಣ ಮಾರಿಬಿಡುತ್ತೇನೆಂದು ಅವನು ತಂದೆಯ ಮುಂದೆ ಅತ್ತುಬಿಟ್ಟ.

ಆ ಭಾನುವಾರ ಸಂಜೆ ದಿನದ ಕೆಲಸ ಮುಗಿದು ಯಂತ್ರ ನಿಂತ ಕೂಡಲೇ ಮುದುಕ ಎದ್ದು ಬಂದ. ಒಂದೊಂದು ಬೇರಿಂಗಿನ ಮೇಲೂ ಅಂಗೈ ಇಟ್ಟು ನೋಡಿದ.

"ಇದೊಂದು ಬಿಸಿಯಾಗೈತೆ. ನಾಳೆ ಇದನ್ನ ಬಿಚ್ಚು. ಮಿಕ್ಕಿದ್ದನ್ನ ಮುಟ್ಟಬ್ಯಾಡ. ಮುಂದಿನ ವಾರ ಮತ್ತೆ ನೋಡಾಣ."

"ಏನೂ ಸಿಗದಿದ್ರೆ ಆ ಸೋಮವಾರ ದಂಡ ಅಲ್ವೇನಪ್ಪಾ?"

"ಏನೂ ಇಲ್ಲ ಅಂತ ಗೊತ್ತಾಯ್ತಲ್ಲೋ! ಅದಕ್ಕೇ ನಂಗೆ ಉಳಿದ ಆರು ದಿನ ನಿದ್ದೆ ಬರ್ತಿದ್ದಿದ್ದು."

ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಚೀಲಗಳು ಮತ್ತೆ ಆ ಬಾಗಿಲಿಗೆ ಬಂದವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಕತೆ ಚೆನ್ನಾಗಿದೆ, ಬುದ್ಧೀ. ಆದರೆ ಕೊಟ್ರಪ್ಪ ಶನಿವಾರ ಯಂತ್ರ ನಿಲ್ಲಿಸಿ ಒರೆಸಿ ಎಣ್ಣೆ ಬಿಡುತ್ತಿದ್ದುದನ್ನು ನಾನು ಆರು ತಿಂಗಳ ಹಿಂದೆಯೇ ಬಿಡಿಸಿದೆ. ಯಂತ್ರಕ್ಕೆ ಏನೂ ಆಗಿಲ್ಲವಲ್ಲ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಶನಿವಾರ ಮಧ್ಯಾಹ್ನದ ಪಂಕ್ತಿಗೆ ಕೊಟ್ರಪ್ಪ ಬಾರದೆಯೂ ಆರು ತಿಂಗಳಾಯಿತು, ಯಂತ್ರ ನಿಂತಿರುವ ಆ ಊಟದ ಹೊತ್ತಿನಲ್ಲಿ ಅವನು ಎಲ್ಲಿರುತ್ತಾನೆಂದು ಒಮ್ಮೆಯಾದರೂ ಹೋಗಿ ನೋಡಿದೆಯಾ?"