ಅಂಕಿತವಿಲ್ಲದ ಹಾಡು

"ಅಜ್ಜಾರ, ನಾ ಕಟ್ಟಿದ ಹಾಡಿಗೆ ಇನ್ನೊಬ್ಬರ ಹೆಸರು ಹಾಕಿದ್ರ ಆ ಹಾಡು ನಂದಾಗೇ ಉಳೀತೈತೇನ್ರಿ?"

ಹೀಗೆ ಕೇಳಿದವನು ಕಲ್ಲಿನಾಥ. ಮಠದಲ್ಲಿ ಅಜ್ಜನ ಬಳಿ ಹಾಡು ಕಲಿತವನು. ತಾನೇ ಪದ ಕಟ್ಟುತ್ತಿದ್ದ, ತಾನೇ ರಾಗ ಹಾಕುತ್ತಿದ್ದ, ತಂಬೂರಿ ಹೆಗಲಿಗೇರಿಸಿ ಕರೆದಲ್ಲಿಗೆ ಹೋಗಿ ಹಾಡುತ್ತಿದ್ದ. ಕರೆಯುವವರು ಕಡಿಮೆ. ಈಗ ಒಂದು ದೊಡ್ಡ ಮೇಳದವರು ಅವನನ್ನು ಕರೆದಿದ್ದರು. ಊರೂರಿಗೆ ಕರೆದೊಯ್ಯುತ್ತೇವೆ, ಹೊಟ್ಟೆಬಟ್ಟೆಯ ಚಿಂತೆ ನಮಗಿರಲಿ, ಅಂಕಿತ ಮಾತ್ರ ಮೇಳದ್ದಾಗಿರಬೇಕು ಎಂದಿದ್ದರು. ಹಾಡಿನ ಕಡೆಯ ಸಾಲಿನಲ್ಲಿ ಕಟ್ಟಿದವರ ಹೆಸರೋ ಅವರ ದೇವರ ಹೆಸರೋ ಬರುತ್ತದಲ್ಲ, ಅದೇ ಅಂಕಿತ. ಬೆಳಗಾದರೆ ಅವನು ಹೂಂ ಅನ್ನಬೇಕಿತ್ತು, ಇಲ್ಲವೇ ಊಹೂಂ ಅನ್ನಬೇಕಿತ್ತು.

"ಹೂಂ ಅಂದ್ರ ನನ್ನ ಹೆಸರು ಹೋಗತೈತಿ. ಊಹೂಂ ಅಂದ್ರ ಹಾಡ ಯಾರ ಕಿವಿಗೂ ಬೀಳೂದಿಲ್ಲ. ಏನ ಮಾಡ್ಲಿ?"

"ನಿನ್ನ ಪಂಚಾಯಿತಿ ಆಮ್ಯಾಲ ಮಾಡೂಣು," ಎಂದರು ಅಜ್ಜ. "ಮೊದಲ ಒಂದು ಕತಿ ಕೇಳು." ಅವರು ಹೇಳಿದ ಕತೆ ಇದು.

ಒಂದು ಸೀಮೆಯಲ್ಲಿ ಒಬ್ಬ ಹಾಡುಗಾರ್ತಿ ಇದ್ದಳು. ಅವಳ ದನಿ ಇಂಪಾದದ್ದೇನಲ್ಲ. ದಿನವಿಡೀ ದುಡಿದು ಬಂದವರ ದನಿಯ ಹಾಗೆ ತುಸು ಒಡೆದಿತ್ತು. ಆದರೆ ಅವಳು ಹಾಡಿದರೆ, ತಾವು ಯಾರಿಗೂ ಹೇಳದೆ ಇಟ್ಟುಕೊಂಡ ಮಾತನ್ನು ಇವಳು ಹೇಗೆ ತಿಳಿದಳು ಎಂದು ಜನ ಬೆರಗಾಗುತ್ತಿದ್ದರು. ಅವಳಿಗೆ ಮೇಳವಿಲ್ಲ, ಮಠವಿಲ್ಲ, ಅರಮನೆಯಂತೂ ಇಲ್ಲವೇ ಇಲ್ಲ. ತನ್ನ ಹಾಡು ತಾನೇ ಕಟ್ಟುತ್ತಿದ್ದಳು. ಸಂತೆಯೋ, ಬಾವಿಕಟ್ಟೆಯೋ, ತೊಟ್ಟಿಲು ಕಟ್ಟುವ ಮನೆಯೋ, ಎಲ್ಲಿ ನಾಲ್ಕು ಜನ ಕೂತರೆ ಅಲ್ಲಿ ಹಾಡುತ್ತಿದ್ದಳು.

ಅವಳನ್ನು ಕಾಡುತ್ತಿದ್ದ ಕೊರತೆ ಒಂದೇ. ಆ ಸೀಮೆಯಲ್ಲಿ ಅಂಕಿತವನ್ನು ಗುರು ಕೊಡಬೇಕು. ಅವಳಿಗೆ ಗುರು ಇರಲಿಲ್ಲ. ತಾನಾಗಿಯೇ ಒಂದು ಹೆಸರು ಇಟ್ಟುಕೊಂಡರೆ ಅಹಂಕಾರವಾಗುತ್ತದೆ ಎಂದು ತಿಳಿದಳು. ಹಾಗಾಗಿ ಕಡೆಯ ಸಾಲು ಬಂದಾಗ 'ಎಂದಾಳು' ಎಂದು ಹಾಡಿ, ಹೆಸರು ಬರಬೇಕಾದ ಕಡೆ ಬಾಯಿ ಮುಚ್ಚಿಕೊಂಡು ತಂತಿಯನ್ನಷ್ಟೇ ಮೀಟುತ್ತಿದ್ದಳು. ಜನ ನಗುತ್ತಿದ್ದರು. ಹಾಡು ಮರೆತಳು ಎನ್ನುವವರು ಕೆಲವರು. ಮೇಳದ ಹಾಡುಗಾರರು ಇನ್ನೂ ಮುಂದೆ ಹೋಗಿ, ಇವಳ ಹಾಡಿಗೆ ಮೂಗೇ ಇಲ್ಲ ಎನ್ನುತ್ತಿದ್ದರು. ಅವಳಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೂ ಸುಳ್ಳು ಹೆಸರು ಹಾಕಲಿಲ್ಲ. ಮಹಾ ಮೊಂಡಿ. ನನಗೆ ಅವಳು ಹಿಡಿಸುವುದೇ ಅದಕ್ಕೆ.

ಅದೇ ಸೀಮೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಹಾಡೆಂದರೆ ಪ್ರಾಣ. ಒಮ್ಮೆ ಸಂತೆಯಲ್ಲಿ ಅವಳ ಹಾಡು ಕೇಳಿ ಕಣ್ಣೊರೆಸಿಕೊಂಡ. ಕಣ್ಣು ಒಣಗುವ ಮೊದಲೇ ವ್ಯಾಪಾರಕ್ಕೂ ಇಳಿದ.

"ತಾಯೀ, ನನ್ನ ಬಂಡಿ ಎಲ್ಲಾ ಪ್ಯಾಟಿಗೂ ಹೋಗತಾವ. ನೀನೂ ಬಾ. ಉಣ್ಣಾಕ ಉಡಾಕ ನಾ ಕೊಡತೇನಿ. ಹಾಡಿನ ಕಡೀಕ ನನ್ನ ಹೆಸರು ಹಾಕು. ಹೆಂಗೂ ಆ ಜಾಗಾ ಖಾಲಿನ ಐತೆಲ್ಲ."

ಅವಳು ವಿಚಾರ ಮಾಡಿ ಹೇಳುತ್ತೇನೆ ಎಂದಳು. ಆ ವರ್ಷ ಅವಳ ಗಂಟಲು ಕಟ್ಟಿತ್ತು, ಕಾಲು ಬಾತಿತ್ತು. ನಡೆದು ಹಾಡುವವಳಿಗೆ ಇವೆರಡೂ ಕೈಕೊಟ್ಟರೆ ಉಳಿಯುವುದೇನು? ಅವಳು ಹಸಿವಿಗೆ ಹೆದರಿದವಳಲ್ಲ. ತಾನು ಸತ್ತರೆ ತನ್ನ ಹಾಡುಗಳೂ ತನ್ನ ಜೊತೆ ಮಣ್ಣಾಗುತ್ತವೆ ಎಂಬ ಯೋಚನೆಗೆ ಹೆದರಿದಳು. ಯಾರ ಹೆಸರಿನಲ್ಲಾದರೂ ಸರಿ, ಬದುಕಿಕೊಳ್ಳಲಿ ಎಂದುಕೊಂಡಳು. ಬಂಡಿಗಳು ಹೊರಡುವ ದಿನ ತಂಬೂರಿ ಎತ್ತಿಕೊಂಡು, ಹೂಂ ಅನ್ನಲೆಂದೇ ವ್ಯಾಪಾರಿಯ ಮನೆಗೆ ಹೋದಳು.

ವ್ಯಾಪಾರಿ ಅವಳನ್ನು ಪಡಸಾಲೆಯಲ್ಲಿ ಕೂರಿಸಿ ಬೆಲ್ಲ ನೀರು ಕೊಡಿಸಿದ. ಒಳಗೆ ಅವನ ಹೆಂಡತಿ ಮಜ್ಜಿಗೆ ಕಡೆಯುತ್ತಿದ್ದಳು. ಕಡೆಯುತ್ತ ಹಾಡಿಕೊಳ್ಳುತ್ತಿದ್ದಳು.

ದಣಿದಾಕೀ ತುಸು ಕುಂದರ, ದಾರಿ ಓಡಿ ಹೋಗೂದಿಲ್ಲ
ನಿನ್ನ ನೆರಳೂ ದಣಿದೈತಿ, ಅದಕೂ ತುಸು ಜಾಗ ಕೊಡ

ಹಾಡುಗಾರ್ತಿ ಬೆಲ್ಲ ನೀರನ್ನು ಕೆಳಗಿಟ್ಟಳು. ಅದು ಅವಳದೇ ಹಾಡು. ಈ ಊರಿನಲ್ಲಿ ಅವಳು ಅದನ್ನು ಎಂದೂ ಹಾಡಿರಲಿಲ್ಲ. ಕಡೆಯ ಸಾಲಿಗೆ ಕಾದಳು. 'ಎಂದಾಳು' ಎಂಬ ಮಾತು ಬಂತು. ಆದರೆ ಹಾಡು ಅಲ್ಲಿ ನಿಲ್ಲಲಿಲ್ಲ. 'ಎಂದಾಳು ನಿಂಬೆವ್ವ' ಎಂದು ಮುಗಿಯಿತು.

ಬೇರೆ ಊರಿನ ಸಂತೆಯಲ್ಲಿ ತಾನು ಕೇಳಿದ್ದೂ ಇದೇ ಹಾಡು ಎಂದು ಗುರುತಿಸಿ ವ್ಯಾಪಾರಿ ಹುಬ್ಬು ಗಂಟಿಕ್ಕಿದ. ಈ ಹಾಡು ನಿಂಬೆವ್ವ ಎಂಬ ಇನ್ಯಾರೋ ಕಟ್ಟಿದ್ದು, ಇವಳು ಅದನ್ನು ಕದ್ದು ಹೆಸರು ನುಂಗಿದ್ದಾಳೆ ಎಂದುಕೊಂಡ. ಒಳಗಿನವಳಿಗೆ ಕೇಳಿಸುವಂತೆ ಕೂಗಿ ಕೇಳಿದ.

"ಈ ನಿಂಬೆವ್ವ ಯಾರ?"

ಕಡಗೋಲು ನಿಂತಿತು. ಆಮೇಲೆ ಬಾಗಿಲ ಮರೆಯಿಂದ ಹೆಂಡತಿ ಹೇಳಿದಳು.

"ನಾನ ರೀ. ಲಗ್ನದಾಗ ನೀವು ಅಕ್ಕಿಯೊಳಗ ಅನ್ನಪೂರ್ಣಾ ಅಂತ ಬರದ್ರಿ. ಅದಕ್ಕಿಂತ ಮೊದಲ ನಾ ನಿಂಬೆವ್ವ ಇದ್ದೆ. ಈ ಮನ್ಯಾಗ ಹಂಗ ಯಾರೂ ಕರಿಯೂದಿಲ್ಲ. ತವರಿಗೆ ಹೋದಾಗ ಈ ಹಾಡು ಕಲತೆ. ಕಡೀಕ ಒಂದು ಹೆಸರಿನಷ್ಟು ಜಾಗಾ ಖಾಲಿ ಇತ್ತು. ನಾನ ಕುಂತೆ."

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವುದು ನಿನಗೂ ಗೊತ್ತು. ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಗಂಡ ಅದರ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ನಗುತ್ತಾರೆ, ಸಕ್ಕರೆ ಹಂಚುತ್ತಾರೆ. ಹಳೆಯ ಹೆಸರು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ವ್ಯಾಪಾರಿಯೂ ಕೇಳಿರಲಿಲ್ಲ.

ಹಾಡುಗಾರ್ತಿಗೆ ಅಳು ಬಂತು. ಸಂತೋಷಕ್ಕೆ ಬಂತು. ಇಷ್ಟು ವರ್ಷ ಯಾವುದಕ್ಕೆ ನಾಚಿಕೊಂಡು ತಲೆ ತಗ್ಗಿಸಿದ್ದಳೋ, ಅಲ್ಲಿ ಒಬ್ಬಳು ಬಂದು ತನ್ನ ಮನೆಯ ಹಾಗೆ ಕೂತಿದ್ದಳು. ಅವಳು ಎದ್ದು ವ್ಯಾಪಾರಿಗೆ ಕೈಮುಗಿದಳು. "ಜಾಗಾ ಖಾಲಿ ಇಲ್ಲರಿ ಯಜಮಾನ್ರ," ಎಂದಷ್ಟೇ ಹೇಳಿ ಹೊರಟಳು.

ಬಂಡಿಗಳು ಅವಳಿಲ್ಲದೆ ಹೋದವು. ವ್ಯಾಪಾರಿ ಬದಲಾದನೇ ಎಂದು ನನ್ನನ್ನು ಕೇಳಬೇಡ, ಅದು ಅವರ ಮನೆಯ ವಿಷಯ. ಒಂದು ದಿನ ಮಜ್ಜಿಗೆ ಕೇಳುವಾಗ ಹಳೆಯ ಹೆಸರು ಹಿಡಿದು ಕರೆದ ಎಂದು ಹೇಳುವವರಿದ್ದಾರೆ. ಇದ್ದರೂ ಇರಬಹುದು.

ಹಾಡುಗಾರ್ತಿ ಕುಂಟುತ್ತಲೇ ನಡೆದಳು. ಗಂಟಲು ನಿಧಾನವಾಗಿ ಸರಿಹೋಯಿತು. ಬಂಡಿ ಹೋಗುವುದು ಪೇಟೆಗೆ ಮಾತ್ರ. ಮದುವೆಯಾದ ಹೆಣ್ಣುಮಕ್ಕಳು ಹೋಗದ ಊರು ಯಾವುದಿದೆ? ಅವರ ಜೊತೆ ಅವಳ ಹಾಡೂ ಹೋಗಿತ್ತು. ಅವಳು ಎಂದೂ ಕಾಲಿಡದ ಊರಿನಲ್ಲಿ ಬೀಸುವ ಕಲ್ಲಿನ ಮುಂದೆ ಅದೇ ಹಾಡು ಕೇಳಿಸುತ್ತಿತ್ತು. ಕಡೆಯ ಹೆಸರು ಮಾತ್ರ ಮನೆಗೊಂದು. ಕಟ್ಟಿದಾಕಿ ಬಂದಾಳ ಎಂದು ಒಬ್ಬರಿಗೊಬ್ಬರು ಕೂಗಿ ಹೇಳಿ ಅವಳನ್ನು ಒಳಗೆ ಕರೆದರು. ರೊಟ್ಟಿ ಕೊಟ್ಟರು, ಕಾಲಿಗೆ ಎಣ್ಣೆ ಹಚ್ಚಿದರು, ಇನ್ನೊಂದು ಹಾಡು ಕಟ್ಟು ಎಂದು ಬೆನ್ನುಬಿದ್ದರು. ಮುದುಕಿಯಾಗುವ ತನಕ ಅವಳು ಕಟ್ಟಿದಳು. ಎಂದೂ ಉಪವಾಸ ಬೀಳಲಿಲ್ಲ ಎಂದು ನಾನು ಹೇಳುವುದಿಲ್ಲ, ಸುಳ್ಳಾಗುತ್ತದೆ. ಆದರೆ ತನ್ನ ಹಾಡು ತನ್ನ ಜೊತೆ ಸಾಯುತ್ತದೆ ಎಂಬ ಭಯ ಅವಳಿಗೆ ಮತ್ತೆ ಬರಲಿಲ್ಲ.

ಅಜ್ಜ ಕತೆ ನಿಲ್ಲಿಸಿದರು. ಕಲ್ಲಿನಾಥನ ಮುಖ ಅರಳಿತ್ತು. ಎದ್ದು ಅವರ ಕಾಲಿಗೆ ನಮಸ್ಕರಿಸಿದ.

"ತಿಳೀತ್ರಿ ಅಜ್ಜಾರ. ಮೇಳದವ್ರಿಗೆ ಊಹೂಂ ಅಂತೇನಿ. ಒಬ್ಬನ ಹಾಡತೇನಿ. ಎಲ್ಲಾ ಹಾಡಿನ ಕಡೀಕೂ ನನ್ನ ಹೆಸರ ಹಾಕತೇನಿ."

"ಹಾಕಪಾ," ಎಂದರು ಅಜ್ಜ. "ಆದ್ರ ನಿಂಬೆವ್ವ ಬಂದ್ರ ಎಲ್ಲಿ ಕುಂದರಬೇಕು?"