ಚಾಟಿ ಬಿಡದ ಬುಗುರಿ

ಮಾಗಿಯ ಬೆಳಿಗ್ಗೆ ಬುಗುರಿಗೆ ಚಳಿ ಮೊದಲು ಹತ್ತುವುದು ತಲೆಗೋ, ಮೊಳೆಗೋ? ಹೇಳಿ ನೋಡೋಣ. ಗೊತ್ತಿಲ್ಲ ತಾನೇ? ನನಗೂ ಗೊತ್ತಿಲ್ಲ, ಮುಂದೆ ಕೇಳಿ.

ನಿನ್ನೆಯಷ್ಟೇ ಬಣ್ಣ ಬಳಿಸಿಕೊಂಡ ಮರಿ ಬುಗುರಿಯೊಂದು ಬಯಲಿಗೆ ಬಂದದ್ದೇ ತಡ, ಮೈಗೆ ಸುತ್ತಿದ್ದ ಚಾಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. "ಚಾಟಿಯಣ್ಣಾ, ಹೊರಗೆ ವಿಪರೀತ ಚಳಿ. ನೀನೇ ನನ್ನ ಶಾಲು. ನನ್ನನ್ನು ಬಿಡಬೇಡ."

"ನಾನು ಬಿಟ್ಟರೇನೇ ನೀನು ಬುಗುರಿ ಕಣೋ, ಮುದ್ದುಕುಮಾರ," ಎಂದಿತು ಚಾಟಿ. "ಇಲ್ಲದಿದ್ದರೆ ಒಲೆಗೆ ಹಾಕುವ ಚಕ್ಕೆ. ತಿರುಗದೆ ಬಿದ್ದವರನ್ನು ಗೆರೆಯೊಳಗೆ ಇಟ್ಟು, ಮೊಳೆಯಿಂದ ತೂತು ಬೀಳುವಂತೆ ಗುನ್ನ ಹೊಡೆಯುತ್ತಾರೆ, ಗೊತ್ತಾ?"

"ಹೊಡೆಯಲಿ. ಬೆಚ್ಚಗಂತೂ ಇರುತ್ತೇನಲ್ಲ!"

ಆಡುವ ಹುಡುಗ ಬೀಸಿ ಎಸೆದ. ಬುಗುರಿ ಚಾಟಿಯ ಸಮೇತ ಸಗಣಿಯುಂಡೆಯಂತೆ ದೊಪ್ಪನೆ ಬಿತ್ತು. ಆಟದ ನಿಯಮ ಎಂದರೆ ನಿಯಮ. ಚಾಟಿಯನ್ನು ಸರಸರ ಬಿಚ್ಚಿ, ಬರಿಮೈಯ ಬುಗುರಿಯನ್ನು ಇಬ್ಬನಿ ಬಿದ್ದ ನೆಲದಲ್ಲಿ ಗೆರೆಯೊಳಗೆ ಇಟ್ಟರು. ಉಳಿದ ಬುಗುರಿಗಳು ಒಂದೊಂದಾಗಿ ಬಂದು ಅದರ ನೆತ್ತಿಗೆ ಮೊಳೆ ಕುಟ್ಟಿದವು. "ಶಾಲು ಸಾಹೇಬರೇ, ಬೆಚ್ಚಗಿದೆಯೇ?"

ಅಂದಿನಿಂದ ಅದು ಬುದ್ಧಿ ಕಲಿತು, ಎಲ್ಲರಿಗಿಂತ ಹೆಚ್ಚು ಹೊತ್ತು ಗಿರಗಿರನೆ ತಿರುಗಿತು.

ಈ ಕೊನೆ ಮಾತ್ರ ನಾನು ಕಟ್ಟಿದ್ದು. ನೀತಿ ಕಥೆ ಅಂದಮೇಲೆ ನೀತಿ ಬೇಕಲ್ಲ! ಬುಗುರಿ ಇನ್ನೂ ಶಾಲು ಕೇಳುತ್ತಲೇ ಇದೆ. ಈಗ ತೂತುಗಳೊಳಗೂ ಚಳಿಯಂತೆ.