ಅಂತರಪಟದ ಕಲೆ

ಸವಳೋ, ಸೌಳೋ, ತವರಿನ ಕಡೆ ಅದನ್ನು ಏನೆನ್ನುತ್ತಿದ್ದರೋ! ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ ಆ ಮಾತು ಅರ್ಧ ಬಾಯಿಗೆ ಬಂದು ಅರ್ಧ ಗಂಟಲಲ್ಲೇ ನಿಲ್ಲುತ್ತದೆ. ಇರಲಿ, ಬಟ್ಟೆಯ ಕೊಳೆ ತೆಗೆಯುವ ಉಪ್ಪುಮಣ್ಣು ಎಂದರೆ ಸಾಕು. ಪೂಜ್ಯ ಹಾಲವ್ವ ತಾಯಿಯವರು ವಾಸವಾಗಿದ್ದ ಹಳ್ಳದ ದಂಡೆಯಲ್ಲಿ ಆ ಮಣ್ಣು ಬೇಕಾದಷ್ಟು ಸಿಗುತ್ತಿತ್ತು. ತಾಯಿಯವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಒಂದು ಜೋಪಡಿ, ಒಂದು ಒಗೆಯುವ ಕಲ್ಲು. ಹಾಸಿಗೆ ಹಿಡಿದವರ, ದಿಕ್ಕಿಲ್ಲದವರ ಬಟ್ಟೆಗಳನ್ನು ಒಗೆದು ಮಡಚಿ ಅವರವರ ಮನೆಗೆ ಮುಟ್ಟಿಸುವುದೇ ಅವರ ಪೂಜೆಯಾಗಿತ್ತು.

ನೇಕಾರರ ಓಣಿಯ ಶಾಕವ್ವನಿಗೆ ಇದು ನಗೆಯ ಮಾತು. “ಬಟ್ಟಿ ಒಗೆಯೋದು ತಪಸ್ಸಾದ್ರ ನಮ್ಮ ಓಣ್ಯಾಗಿನ ಹೆಂಗಸರೆಲ್ಲಾ ಋಷಿಗಳ ಆಗಬೇಕಿತ್ತು ಬಿಡ್ರಿ,” ಎಂದು ನಗಿಸುತ್ತಿದ್ದಳು.

ಅಂಥ ಶಾಕವ್ವ ಒಂದು ನಡುಹಗಲು ಬರಿಗಾಲಲ್ಲಿ ಹಳ್ಳಕ್ಕೆ ಓಡಿ ಬಂದಳು. ಕಂಕುಳಲ್ಲಿ ಒದ್ದೆ ಬಟ್ಟೆಯ ಮುದ್ದೆ. ಮರುದಿನ ಮಗಳು ರೇಣವ್ವನ ಮದುವೆ. ಆ ಬಟ್ಟೆ ಅಂತರಪಟ, ಮುಹೂರ್ತದ ತನಕ ವಧೂವರರ ನಡುವೆ ಹಿಡಿಯುವ ಬಿಳಿ ಬಟ್ಟೆ. ಬೀಗರ ಮನೆಯ ಮುತ್ತಜ್ಜಿ ಕೈಯಾರೆ ನೇಯ್ದದ್ದು. ತಮ್ಮ ವಾಡಿಕೆಯಂತೆ ಅವರು ಅದನ್ನು ಎರಡು ದಿನ ಮೊದಲೇ ಹೆಣ್ಣಿನ ಮನೆಗೆ ಕಳಿಸಿದ್ದರು. ಬೆಳಿಗ್ಗೆ ನೋಡಿದರೆ ಅದರ ನಟ್ಟನಡುವೆ ಅರಿಷಿಣದ ಕಲೆ! ಶಾಕವ್ವ ಗಾಬರಿಯಿಂದ ಉಪ್ಪುಮಣ್ಣು ಹಚ್ಚಿ ತಿಕ್ಕಿದಳು. ಹಳದಿ ಹೋಗಿ ಕೆಂಪಾಯಿತು. ಸಾಬೂನು ಹಚ್ಚಿದಳು. ಇನ್ನೂ ಕೆಂಪಾಯಿತು. ಕೊಳೆ ತೆಗೆಯುವ ವಸ್ತುವೇ ಕೊಳೆ ಹೆಚ್ಚಿಸಿದರೆ ಮನುಷ್ಯರು ಯಾವುದನ್ನು ನಂಬಬೇಕು? ಸಂಜೆಗೆ ಬೀಗರು ಬಂದು ಈ ರಕ್ತದಂಥ ಗುರುತು ಕಂಡರೆ ಅಪಶಕುನವೆಂದು ಎದ್ದು ಹೋಗುವುದು ಖಂಡಿತ.

ತಿಳಿಯದಿದ್ದಾಗ ಮನಸ್ಸು ಯಾರನ್ನಾದರೂ ಹಿಡಿದುಕೊಳ್ಳುತ್ತದೆ. ಶಾಕವ್ವ ಹಿಡಿದುಕೊಂಡದ್ದು ಗಂಡ ಸತ್ತು ತವರಿಗೆ ಬಂದಿದ್ದ ನಾದಿನಿ ತುಂಗವ್ವನನ್ನು. ಹಿಂದಿನ ಸಂಜೆ ಅಂತರಪಟವನ್ನು ಮಡಚಿ ಇಟ್ಟಿದ್ದವಳು ಅವಳೇ. “ನಿನ್ನ ಕೈ ತಾಗಿದ ಮ್ಯಾಲೆ ಒಳ್ಳೇದು ಹ್ಯಾಂಗ ಆದೀತು? ಮದುವಿ ಮುಗಿಯೋತನಕ ಈ ಹೊಸ್ತಿಲಾ ತುಳೀಬ್ಯಾಡ!” ಎಂದು ಎಲ್ಲರೆದುರು ಕೂಗಿದ್ದಳು. ತುಂಗವ್ವ ಹೊರಟುಹೋಗಿದ್ದಳು.

ಹಳ್ಳದ ದಂಡೆಯಲ್ಲಿ ನೋಡಿದರೆ ಅದೇ ತುಂಗವ್ವ ತಾಯಿಯವರ ಪಕ್ಕ ಕುಳಿತು ಯಾರದೋ ಕೌದಿ ಹಿಂಡುತ್ತಿದ್ದಳು. ಶಾಕವ್ವನಿಗೆ ಹಿಂದಿರುಗಲೂ ಕಾಲು ಬರಲಿಲ್ಲ.

“ಯವ್ವಾ, ತಿಕ್ಕಿದಷ್ಟೂ ಕೆಂಪಾಗಾಕತ್ತೈತ್ರಿ. ಏನ್ ಮಾಡಬೇಕಂತ ತಿಳೀವಲ್ದು,” ಎಂದು ಬಟ್ಟೆಯನ್ನು ಕಲ್ಲಿನ ಮೇಲೆ ಹಾಕಿ ಅತ್ತುಬಿಟ್ಟಳು.

ತಾಯಿಯವರು ಕಲೆಯ ಮೇಲೆ ಒಂದು ನಿಂಬೆಹಣ್ಣು ಹಿಂಡಿದರು. ಕೆಂಪು ಅಲ್ಲೇ ಮತ್ತೆ ಹಳದಿಯಾಯಿತು! ಶಾಕವ್ವನ ಅಳು ನಿಂತಿತು, ಗೊಂದಲ ಹೆಚ್ಚಿತು. ರಕ್ತವಾದರೆ ಹಳದಿಯಾಗುವುದೆಂತು? ಅಪಶಕುನಕ್ಕೆ ನಿಂಬೆಹಣ್ಣು ಸಾಕಾಗುತ್ತದೆಯೇ?

ಬಟ್ಟೆಯನ್ನು ನೀರಿನಲ್ಲಿ ಜಾಲಿಸಿ ತಾಯಿಯವರು ಎಂದರು: “ಇದಕ್ಕ ಬಿಸಿಲು ಬೇಕು. ನೆಲಕ್ಕ ಹಾಸಿದ್ರ ಮಣ್ಣಾಗತೈತಿ. ಒಂದು ತುದಿ ನೀ ಹಿಡಿ. ಒಂದು ತುದಿ ಆಕಿ ಹಿಡೀಲಿ.”

“ಆಕಿ ಬ್ಯಾಡ್ರಿ, ಯವ್ವಾ. ಆಕಿ ಮುಟ್ಟಿದ್ದಕ್ಕ ಇದೆಲ್ಲಾ...”

ತಾಯಿಯವರು ತುಂಗವ್ವನ ಎರಡೂ ಅಂಗೈಗಳನ್ನು ಬಿಸಿಲಿಗೆ ತಿರುಗಿಸಿದರು. ನೀರಲ್ಲಿ ನೆನೆದು ಸುಕ್ಕಾದ ಬರಿಯ ಬಿಳುಪು. ಆಮೇಲೆ ಶಾಕವ್ವನ ಕೈಗಳನ್ನು ತಿರುಗಿಸಿದರು.

“ಅರಿಷಿಣ ಮುಟ್ಟಬ್ಯಾಡಂತ ಆಕಿಗೆ ಹೇಳಿದಾಕಿ ನೀನ ಅಲ್ಲೇನು, ತಂಗಿ?”

ಶಾಕವ್ವ ತನ್ನ ಕೈಗಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಹಳದಿ ತುಂಬಿತ್ತು. ಗಂಡ ತೀರಿದ ದಿನದಿಂದ ತುಂಗವ್ವ ಅರಿಷಿಣ ಮುಟ್ಟಿರಲಿಲ್ಲ, ಮುಟ್ಟಲು ಯಾರೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಅರಿಷಿಣ ಅರೆಯುತ್ತ ನಡುವೆ ಎದ್ದುಹೋಗಿ, ಅಂಚು ಹೇಗಿದೆ ನೋಡೋಣವೆಂದು ಅಂತರಪಟವನ್ನು ಬಿಡಿಸಿದ್ದು ತಾನೇ. ಅದು ಈಗ ನೆನಪಾಯಿತು.

ತುಂಗವ್ವ ಆಗಲೇ ಒಂದು ತುದಿ ಹಿಡಿದು ನಿಂತಿದ್ದಳು. “ಹಿಡಿ, ವೈನಿ. ಬಿಸಿಲು ಹೋದೀತು,” ಎಂದಳು.

ಇಬ್ಬರೂ ಹಿಡಿದು ನಿಂತರು. ಒಣಗಿದಾಗಲೆಲ್ಲ ತಾಯಿಯವರು ನೀರು ಚಿಮುಕಿಸುತ್ತಿದ್ದರು. ತೋಳು ಸೋತಿತು, ಕತ್ತು ಉರಿಯಿತು. ಶಾಕವ್ವನಿಗೆ ತಲೆ ಎತ್ತಿ ಎದುರಿಗಿದ್ದವಳ ಮುಖ ನೋಡುವ ಧೈರ್ಯ ಬರುವ ಹೊತ್ತಿಗೆ ಬಟ್ಟೆಯಲ್ಲಿ ಹಳದಿ ಉಳಿದಿರಲಿಲ್ಲ. ಸಾಬೂನಿಗೆ ಜಗ್ಗದ ಕಲೆ ಬರಿಯ ಬಿಸಿಲಿಗೆ ಎಲ್ಲಿ ಹೋಯಿತು? ಅದು ತಾಯಿಯವರ ಮಹಿಮೆಯೋ, ಸೂರ್ಯನ ಗುಣವೋ ಅವಳಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಮರುದಿನ ಮುಹೂರ್ತಕ್ಕೆ ಅಂತರಪಟದ ಒಂದು ತುದಿ ಹಿಡಿಯಲು ಶಾಕವ್ವ ತುಂಗವ್ವನನ್ನು ಕೈಹಿಡಿದು ಕರೆತಂದಳು. ಬೀಗರಲ್ಲಿ ಗುಸುಗುಸು ಎದ್ದಿತು. “ಹಿಡಿಯಾಕಿ ಆಕಿನ. ಇಲ್ಲಾಂದ್ರ ಈ ಅಂತರಪಟ ಮ್ಯಾಲೇಳೂದಿಲ್ಲ,” ಎಂದು ಶಾಕವ್ವ ನಿಂತಳು. ಕೊನೆಗೆ ವರನ ಅಜ್ಜಿಯೇ, “ವೇಳ್ಯಾ ಮೀರಾಕತ್ತೈತಿ, ಹಿಡಿಯವಾ,” ಎಂದರು.

ತಾಯಿಯವರು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾದ ಮೇಲೆ, ಅವರ ಮಹಿಮೆಗಳನ್ನೆಲ್ಲ ಕೂಡಿಸಿ ಬರೆಯುತ್ತಿದ್ದಾರೆಂಬ ಸುದ್ದಿ ಹಣ್ಣು ಮುದುಕಿಯಾದ ಶಾಕವ್ವನಿಗೆ ಮುಟ್ಟಿತು. ಅವಳು ರೇಣವ್ವನ ಮಗಳನ್ನು ಕರೆದು ಹತ್ತಿರ ಕೂಡಿಸಿಕೊಂಡಳು.

“ತಾಯಿ ಬಟ್ಟಿ ಮ್ಯಾಲಿನ ಕಲಿ ತೆಗೆದ್ರು ಅಂತ ಎಲ್ಲಾರೂ ಬರಸ್ತಾರ. ತುಂಗವ್ವನ್ನ ನಾನು ಹೊರಗ ಹಾಕಿದ್ದೆ. ನೀ ಅದನ್ನ ಮೊದಲ ಬರಿ, ಕೂಸ.”